ಬೆಟ್ಟು, ಮಜಲು, ಬೈಲು: ಮುರಕಲ್ಲಿನ ನಾಡಿನಲ್ಲಿ ನೆಲದ ಲೆಕ್ಕ

ಬಂಟ್ವಾಳದಿಂದ ಮೂಡುಬಿದಿರೆಗಾಗಲಿ, ಬೆಳ್ತಂಗಡಿಗಾಗಲಿ ಹೋಗುವ ದಾರಿಯಲ್ಲಿ ರಸ್ತೆಗಾಗಿ ಗುಡ್ಡ ಕಡಿದ ಜಾಗಗಳು ಬೇಕಾದಷ್ಟು ಸಿಗುತ್ತವೆ. ಹೊಸದಾಗಿ ಕಡಿದ ಅಂಥ ಒಂದು ಬರೆಯ ಎದುರು ಐದು ನಿಮಿಷ ನಿಂತರೆ ಈ ನಾಡಿನ ನೆಲದ ರಚನೆಯೆಲ್ಲ ಕಣ್ಣಿಗೆ ಬೀಳುತ್ತದೆ. ಮೇಲೆ ಗೇಣು, ಎರಡು ಗೇಣು ಹರಳು ತುಂಬಿದ ಕೆಂಪು ಮಣ್ಣು. ಅದರಡಿ ಕಪ್ಪುಗೆಂಪಿನ ಗಟ್ಟಿ ಹೆಪ್ಪು. ಅದರ ಕೆಳಗೆ ಜೇನುಗೂಡಿನಂತೆ ತೂತುತೂತಾದ ಮುರಕಲ್ಲು. ಇನ್ನೂ ಕೆಳಗೆ ಹೋದಂತೆ ಕಲ್ಲು ಮೆದುವಾಗಿ, ಹಳದಿ, ಗುಲಾಬಿ, ಬಿಳಿ ಬಣ್ಣಗಳ ನುಣುಪಾದ ಮಣ್ಣಾಗುತ್ತದೆ. ಊರಿನವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಎಲ್ಲಕ್ಕಿಂತ ಅಡಿಯಲ್ಲಿ ಕಗ್ಗಲ್ಲು.

ಮನೆ ಎಲ್ಲಿ ಕಟ್ಟಬೇಕು, ಬಾವಿ ಎಷ್ಟು ಆಳ ತೋಡಬೇಕು, ಅಡಿಕೆ ಎಲ್ಲಿ ನೆಡಬೇಕು, ಶೌಚಗುಂಡಿ ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಈ ಪದರಗಳಲ್ಲೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಹಿರಿಯರು ಭೂವಿಜ್ಞಾನ ಓದಿದವರಲ್ಲ. ಆದರೆ ಅವರು ಬಿಟ್ಟುಹೋದ ಗದ್ದೆ, ಮನೆ, ಬಾವಿಗಳ ಜೋಡಣೆಯನ್ನು ನೋಡಿದರೆ ನೆಲದ ಪದರಗಳ ಗುಣ ಅವರಿಗೆ ಚೆನ್ನಾಗಿ ತಿಳಿದಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಇಟ್ಟಿಗೆಯ ಕಲ್ಲು

ಈ ಕಲ್ಲಿಗೆ ಜಗತ್ತಿನ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದಕ್ಕೂ ಈ ದಾರಿಗೂ ಸಂಬಂಧವುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಹೊಸದಾಗಿ ದಕ್ಕಿದ ರಾಜ್ಯದ ಬೇಸಾಯ, ಕಸುಬು, ವ್ಯಾಪಾರಗಳನ್ನು ಕಂಡು ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ನೇಮಿಸಿದ್ದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು. 1800ರಲ್ಲಿ ಮದರಾಸಿನಿಂದ ಹೊರಟ ಆತ ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಆರಂಭದಲ್ಲಿ ಮಂಗಳೂರಿಗೆ ಬಂದ. ಅಲ್ಲಿಂದ ಫರಂಗಿಪೇಟೆ, ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳಗಳ ಮೂಲಕ ಉತ್ತರಕ್ಕೆ ಸಾಗಿದ.

ಇದಕ್ಕೆ ಸ್ವಲ್ಪ ಮೊದಲು, 1800ರ ಡಿಸೆಂಬರಿನಲ್ಲಿ, ಮಲಬಾರಿನ ಅಂಗಡಿಪುರದ ಬಳಿ ಆತ ಈ ಕಲ್ಲನ್ನು ಕಂಡು ಬೆರಗಾಗಿದ್ದ. ನೆಲದಲ್ಲಿರುವಾಗ ಕಬ್ಬಿಣದ ಯಾವ ಆಯುಧಕ್ಕೂ ಸುಲಭವಾಗಿ ಬಗ್ಗುವ ಈ ವಸ್ತು, ಕಡಿದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಆತ ಗಮನಿಸಿದ. ಅಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎಂದು ಕರೆಯುತ್ತಿದ್ದುದನ್ನೂ ಬರೆದುಕೊಂಡ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂಬ ಮಾತಿದೆ. ಹೀಗೆ ‘ಲ್ಯಾಟರೈಟ್’ ಹುಟ್ಟಿತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಪ್ರವಾಸ ಗ್ರಂಥದ ಮೂಲಕ ಆ ಹೆಸರು ಲೋಕದಲ್ಲೆಲ್ಲ ಹರಡಿತು. ಮಲೆನಾಡಿನವರು ಇದೇ ಕಲ್ಲಿಗೆ ಹೇಳುವ ‘ಜಂಬಿಟ್ಟಿಗೆ’ ಎಂಬ ಮಾತಿನಲ್ಲೂ ಇಟ್ಟಿಗೆ ಇರುವುದನ್ನು ಗಮನಿಸಬಹುದು. ಉತ್ತರ ಕನ್ನಡದವರಿಗೆ ಇದು ಚಿರೆಕಲ್ಲು. ತುಳುನಾಡಿನಲ್ಲಿ ಮುರಕಲ್ಲು, ಇಲ್ಲವೆ ಕೆಂಪುಕಲ್ಲು.

ಈ ಕಲ್ಲು ಹುಟ್ಟಿದ್ದು ಮಳೆಯಿಂದ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಉಳಿದ ದಿನಗಳಲ್ಲಿ ಸುಡುಬಿಸಿಲು. ಲಕ್ಷಾಂತರ ವರ್ಷ ಹೀಗೆ ತೊಯ್ದು ಒಣಗಿದ ಕಗ್ಗಲ್ಲು ಶಿಥಿಲವಾಗಿ, ಅದರೊಳಗಿನ ಸುಣ್ಣ, ಪೊಟ್ಯಾಶ್, ಸಿಲಿಕಾಗಳನ್ನು ಮಳೆನೀರು ಕರಗಿಸಿಕೊಂಡು ಹೊಳೆಗೆ ಒಯ್ದಿತು. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮೇಲೆ ಉಳಿದು ಮುರಕಲ್ಲಾದವು. ಮುರಕಲ್ಲಿನ ಕೆಂಪು ಎಂದರೆ ಕಬ್ಬಿಣದ ತುಕ್ಕಿನ ಬಣ್ಣವೇ. ಅರ್ಧಕ್ಕೆ ನಿಂತ ಶಿಥಿಲತೆಯ ಫಲವೇ ಕೆಳಗಿನ ಶೇಡಿ.

ಮೂರೂ ಊರುಗಳ ನೆಲ ಒಂದೇ ತೆರನಾಗಿಲ್ಲ. ಮೂಡುಬಿದಿರೆಯ ಸುತ್ತ ಮುರಕಲ್ಲಿನ ಸಪಾಟಾದ ‘ಪದವು’ಗಳು ಹೆಚ್ಚು, ನಡುವೆ ಕೊಡಂಜೆಕಲ್ಲಿನಂಥ ಕಗ್ಗಲ್ಲಿನ ಬೆಟ್ಟಗಳು ತಲೆಯೆತ್ತಿವೆ. ಬೆಳ್ತಂಗಡಿ ಘಟ್ಟದ ಬುಡದ ಸೀಮೆ. ಟಿಪ್ಪು ಸುಲ್ತಾನ 1794ರಲ್ಲಿ ಜಮಲಾಬಾದ್ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಒಂದೇ ಬಂಡೆಯಂತೆ ನಿಂತಿರುವುದು ಇಲ್ಲಿಯೇ. ಇಲ್ಲಿ ಕಾಡಿನ ಎಲೆಗೊಬ್ಬರ ಬೆರೆತ ಆಳವಾದ ಮಣ್ಣೂ ಇದೆ, ಮಣ್ಣಿನೊಳಗೆ ಹುದುಗಿದ ದೊಡ್ಡ ಬಂಡೆಗಳೂ ಇವೆ. ಬಂಟ್ವಾಳದಲ್ಲಿ ನೇತ್ರಾವತಿಯ ದಡದುದ್ದಕ್ಕೂ ಹೊಳೆ ತಂದು ಹಾಸಿದ ಮೆಕ್ಕಲು ಮಣ್ಣಿದೆ. 1923 ಮತ್ತು 1974ರ ನೆರೆಗಳಲ್ಲಿ ಪೇಟೆಯೊಳಗೆ ನುಗ್ಗಿ ತನ್ನ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ತೋರಿಸಿಕೊಟ್ಟದ್ದೂ ಇದೇ ಹೊಳೆ.

ಮೂರು ಬಗೆಯ ಗದ್ದೆ

ನೆಲದ ಈ ಇಳಿಜಾರನ್ನು ತುಳುನಾಡಿನ ಬೇಸಾಯಗಾರರು ಮೂರು ಮಾತುಗಳಲ್ಲಿ ಅಳೆದಿಟ್ಟರು. ಗುಡ್ಡದ ಮಗ್ಗುಲಲ್ಲಿ ಎತ್ತರಕ್ಕಿರುವ, ಮಳೆಯನ್ನೇ ನಂಬಿದ ಗದ್ದೆ ಬೆಟ್ಟು. ಅದರ ಕೆಳಗಿನ, ಮಳೆ ನಿಂತ ಮೇಲೂ ಸ್ವಲ್ಪ ಕಾಲ ತೋಡಿನ ನೀರು ಸಿಗುವ ಗದ್ದೆ ಮಜಲು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಒರತೆ ಬತ್ತದ ಜಾಗದಲ್ಲಿರುವುದು ಬೈಲು. ಬೆಟ್ಟಿನಲ್ಲಿ ಏಣೆಲು ಬೆಳೆ ಒಂದೇ. ಮಜಲಿನಲ್ಲಿ ಏಣೆಲು, ಸುಗ್ಗಿ ಎರಡು. ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ಕಂದಾಯ ಗೊತ್ತುಮಾಡುವಾಗಲೂ ಈ ವಿಂಗಡಣೆಗೆ ಬೆಲೆಯಿತ್ತು.

ಮೇಲ್ನೋಟಕ್ಕೆ ಇದು ಬೆಳೆಗಳ ಲೆಕ್ಕ. ನಿಜವಾಗಿ ನೋಡಿದರೆ ಇದು ನೆಲದಡಿಯ ನೀರಿನ ಲೆಕ್ಕ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ಬೇಗನೆ ಕೆಳಗಿಳಿಯುತ್ತದೆ. ಶೇಡಿಯ ಪದರ ಸಿಕ್ಕಿದಾಗ ಮುಂದಕ್ಕೆ ಇಳಿಯಲಾರದೆ, ಅದರ ಬೆನ್ನ ಮೇಲೆ ಅಡ್ಡಕ್ಕೆ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಬೈಲಿನ ಮೂರನೆಯ ಬೆಳೆ ಬೆಳೆಯುವುದು ಗುಡ್ಡದ ತಲೆಯ ಮೇಲೆ ಆರು ತಿಂಗಳ ಹಿಂದೆ ಬಿದ್ದ ಮಳೆಯಿಂದ. ಊರುಗಳ ಹೆಸರುಗಳಲ್ಲಿ ಈ ತಿಳಿವಳಿಕೆ ಇಂದಿಗೂ ಉಳಿದಿದೆ. ಮೂಡುಬಿದಿರೆಯ ಕಲ್ಲಬೆಟ್ಟು, ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕ, ಅಡ್ಯನಡ್ಕ ಇವೆಲ್ಲ ನೆಲದ ಗುಣವನ್ನು ಹೇಳುವ ಹೆಸರುಗಳು. ಅಡ್ಕವೆಂದರೆ ನೀರಿಲ್ಲದ ಬಯಲು ಜಾಗ.

ಹಳೆಯ ಮನೆಗಳು ಇರುವ ಜಾಗವೂ ಈ ಲೆಕ್ಕಕ್ಕೆ ಹೊಂದುತ್ತದೆ. ಗುಡ್ಡದ ನೆತ್ತಿಯಲ್ಲಿ ಮನೆ ಕಟ್ಟಿದರೆ ಬೇಸಿಗೆಯಲ್ಲಿ ನೀರಿಲ್ಲ. ಬೈಲಿನಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ನೆಲ ನಿಲ್ಲುವುದಿಲ್ಲ, ಅನ್ನ ಕೊಡುವ ಭೂಮಿಯೂ ಹೋಗುತ್ತದೆ. ಆದ್ದರಿಂದ ಹೆಚ್ಚಿನ ಮನೆಗಳು ಬೆಟ್ಟು, ಮಜಲುಗಳ ಅಂಚಿನಲ್ಲಿ, ಬೈಲಿಗೆ ಮುಖಮಾಡಿ ನಿಂತಿವೆ. ಹಿಂದಿನ ಗುಡ್ಡ ಕುಮ್ಕಿ. ವರ್ಗ ಜಮೀನಿನಿಂದ 100 ಗಜದವರೆಗಿನ ಈ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ವರ್ಗದಾರನಿಗಿತ್ತು. ಮರಗಿಡಗಳಿಂದ ತುಂಬಿದ ಕುಮ್ಕಿ ಗೊಬ್ಬರಕ್ಕೆ ಸೊಪ್ಪು ಕೊಡುವುದರ ಜೊತೆಗೆ ಮನೆಯ ಹಿಂದಿನ ಇಳಿಜಾರನ್ನೂ ಹಿಡಿದು ನಿಲ್ಲಿಸುತ್ತಿತ್ತು.

ಗೋಡೆ ಮತ್ತು ಪಾಯ

ಯಾವ ಕಲ್ಲನ್ನು ಯಾವುದಕ್ಕೆ ಬಳಸಬೇಕು ಎಂಬ ವಿವೇಕಕ್ಕೆ ಮೂಡುಬಿದಿರೆಯೇ ಸಾಕ್ಷಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಂಬಗಳು ಕಗ್ಗಲ್ಲಿನವು. ನಯವಾದ ಕೆತ್ತನೆಗೆ ಬಗ್ಗುವುದು, ಭಾರ ಹೊರುವುದು ಆ ಕಲ್ಲು. ಮುರಕಲ್ಲಿನ ಮೈ ತೂತುತೂತು. ಅದರಲ್ಲಿ ಬಳ್ಳಿ, ಹೂವು ಬಿಡಿಸಲು ಬಾರದು. ಆದರೆ ದಪ್ಪ ಗೋಡೆಗೆ ಅದಕ್ಕಿಂತ ಅಗ್ಗದ, ಹತ್ತಿರದ ವಸ್ತು ಇನ್ನೊಂದಿಲ್ಲ. ಅದೇ ಊರಿನ ಜೈನ ಗುರುಗಳ ಮಜಲು ಮಜಲಾದ ಸಮಾಧಿಗಳನ್ನು ಕಟ್ಟಿರುವುದು ಮುರಕಲ್ಲಿನಲ್ಲಿ.

ಎಲ್ಲ ಮುರಕಲ್ಲೂ ಒಂದೇ ಅಲ್ಲ. ಮೇಲಿನ ಪದರದ ಕಲ್ಲು ಗಟ್ಟಿ. ಕೋರೆ ಆಳಕ್ಕೆ ಹೋದಂತೆ ಕಲ್ಲಿನಲ್ಲಿ ಹಳದಿ, ಬಿಳಿ ಮಣ್ಣಿನ ಅಂಶ ಹೆಚ್ಚುತ್ತದೆ. ಅಂಥ ಕಲ್ಲು ನೀರು ಕುಡಿಯುತ್ತದೆ, ಮಳೆಗೆ ಕರಗುತ್ತದೆ. ಗೋಡೆಯ ಮುರಕಲ್ಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಭಾರ ತಡೆಯಬೇಕು, ತನ್ನ ತೂಕದ ಶೇಕಡ 12ಕ್ಕಿಂತ ಹೆಚ್ಚು ನೀರು ಹೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಪಿಕ್ಕಾಸಿಯಿಂದ ಕಲ್ಲು ಕಡಿಯುತ್ತಿದ್ದ ಕಾಲದಲ್ಲಿ ಮೆದು ಕಲ್ಲು ಯಾವುದು, ಗಟ್ಟಿ ಯಾವುದು ಎಂಬುದು ಕಡಿಯುವವನ ಕೈಗೆ ತಾನಾಗಿ ಗೊತ್ತಾಗುತ್ತಿತ್ತು. ಯಂತ್ರದ ಗರಗಸಕ್ಕೆ ಆ ಭೇದವಿಲ್ಲ. ಎರಡೂ ಒಂದೇ ಅಳತೆಯಲ್ಲಿ, ಒಂದೇ ಅಂದದಲ್ಲಿ ಲಾರಿ ಏರುತ್ತವೆ. ಕೊಳ್ಳುವವರು ಕಲ್ಲನ್ನು ಒಂದು ಇರುಳು ನೀರಿನಲ್ಲಿ ಮುಳುಗಿಸಿಟ್ಟು, ಮೊದಲಿನ ಮತ್ತು ಅನಂತರದ ತೂಕ ನೋಡಿದರೆ ವ್ಯತ್ಯಾಸ ತಿಳಿದೀತು.

ಹಿಂದಿನವರು ಗೋಡೆಯನ್ನು ಮಳೆಯಿಂದ ಕಾಯುತ್ತಿದ್ದ ಬಗೆ ಬೇರೆ. ಮಾಡನ್ನು ಮುಂದಕ್ಕೆ ಚಾಚಿ, ಸುತ್ತ ಜಗಲಿ ಬಿಟ್ಟು, ನೀರು ಗೋಡೆಗೆ ಎರಚದಂತೆ ಮಾಡುತ್ತಿದ್ದರು. ಮೊದಲು ಮುಳಿಹುಲ್ಲು, 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹಂಚು. ಆ ಹಂಚಿನ ಜೇಡಿಮಣ್ಣು ಬಂದದ್ದು ನೇತ್ರಾವತಿ, ಗುರುಪುರ ಹೊಳೆಗಳ ದಡದಿಂದ. ಅಂದರೆ ಗುಡ್ಡದ ಕಲ್ಲು ಗೋಡೆಯಾಯಿತು, ಹೊಳೆಯ ಮಣ್ಣು ಮಾಡಾಯಿತು.

ಪಾಯದ ವಿಷಯದಲ್ಲಿ ಗಟ್ಟಿ ಮುರಕಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಧಾರ ಬೇಡ. ತೊಂದರೆ ಇರುವುದು ಎರಡು ಕಡೆ. ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೆ, ತುಂಬಿದ ಮಣ್ಣೂ ಅಡಿಯ ಕೆಸರೂ ವರ್ಷಗಟ್ಟಲೆ ಕುಸಿಯುತ್ತ ಗೋಡೆ ಬಿರುಕು ಬಿಡುತ್ತದೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಗಟ್ಟಿ ಪದರವೆಲ್ಲ ಹೋಗಿ, ಪಾಯ ಶೇಡಿಯ ಮೇಲೆ ಬಂದು ಕೂರುತ್ತದೆ. ಬೇಸಿಗೆಯಲ್ಲಿ ಶೇಡಿ ಗುದ್ದಲಿಗೂ ಬಗ್ಗದಷ್ಟು ಬಿಗಿ. ನೀರು ಕುಡಿದಾಗ ಅದೇ ಮಣ್ಣು ಬಿಗಿ ಕಳೆದುಕೊಂಡು ಜಾರುತ್ತದೆ. ಏಪ್ರಿಲ್‌ನಲ್ಲಿ ಜಾಗ ನೋಡಿ ಮನೆ ಕಟ್ಟಿದವನಿಗೆ ಜುಲೈಯಲ್ಲಿ ಆ ಜಾಗದ ಗುರುತು ಸಿಗದಿರಲು ಇದೇ ಕಾರಣ.

ತೋಟದ ಮಣ್ಣು

ಸುಣ್ಣ, ಪೊಟ್ಯಾಶ್‌ಗಳನ್ನು ಮಳೆ ತೊಳೆದುಕೊಂಡು ಹೋದ ಮಣ್ಣು ಹುಳಿಯಾಗಿರುವುದು ಸಹಜ. ಅದು ಗೊಬ್ಬರವನ್ನೂ ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಇದಕ್ಕೆ ಮನೆಮದ್ದು ಹಿಂದಿನಿಂದಲೂ ಇತ್ತು. ಒಣಸೊಪ್ಪು, ಕಸಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಬೇಯಿಸುವ ಸುಡುಮಣ್ಣು ಅದರಲ್ಲೊಂದು. ಬೂದಿಯಲ್ಲಿರುವ ಪೊಟ್ಯಾಶ್ ಗಿಡಕ್ಕೆ ಸಿಗುತ್ತದೆ, ಹುಳಿಯೂ ತಗ್ಗುತ್ತದೆ. ತರಕಾರಿ, ಮಲ್ಲಿಗೆಗಳಿಗೆ ಇಂದಿಗೂ ಇದನ್ನು ಹಾಕುವವರಿದ್ದಾರೆ. ಹಟ್ಟಿಗೊಬ್ಬರ ಮತ್ತು ಕುಮ್ಕಿಯ ಸೊಪ್ಪು ಮಣ್ಣಿಗೆ ಹಿಡಿತ ಕೊಡುತ್ತಿದ್ದವು.

ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಸೇರಿತು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬುದು ಬಹುಕಾಲದಿಂದ ಪ್ರಚಾರದಲ್ಲಿರುವ ಶಿಫಾರಸು. ಪೊಟ್ಯಾಶ್‌ನ ಪಾಲೇ ಎಲ್ಲಕ್ಕಿಂತ ಹೆಚ್ಚು ಎಂಬುದು ಗಮನಾರ್ಹ. ಸುಡುಮಣ್ಣು ಹಾಕುತ್ತಿದ್ದವರ ಅನುಭವ ಹೇಳಿದ್ದೂ ಅದನ್ನೇ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಗದ್ದೆಯನ್ನು ತೋಟ ಮಾಡಿದವರು ಆಳವಾದ ಬಸಿಗಾಲುವೆ ತೋಡದಿದ್ದರೆ ಬೇರು ಕೊಳೆತು ಮರ ಸೊರಗುತ್ತದೆ.

ಬಾವಿ, ಸುರಂಗ, ಶೌಚಗುಂಡಿ

ಮುರಕಲ್ಲಿನಲ್ಲಿ ತೋಡಿದ ಬಾವಿಗೆ ಮೇಲ್ಭಾಗದಲ್ಲಿ ಕಟ್ಟೋಣ ಬೇಕಾಗುವುದಿಲ್ಲ; ಕಲ್ಲೇ ಗೋಡೆಯಾಗಿ ನಿಲ್ಲುತ್ತದೆ. ನೀರು ಸಿಗುವುದು ಮುರಕಲ್ಲು ಮುಗಿದು ಶೇಡಿ ಸಿಕ್ಕುವ ಹಂತದಲ್ಲಿ. ವಿಟ್ಲ, ಅಡ್ಯನಡ್ಕ, ಮಾಣಿಲದ ಕಡೆ, ಕಾಸರಗೋಡಿನ ಗಡಿಯುದ್ದಕ್ಕೂ, ಇದೇ ಪದರವನ್ನು ಹುಡುಕಿಕೊಂಡು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುವ ಪದ್ಧತಿ ಬೆಳೆಯಿತು. ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲದ ಈ ಸುರಂಗದಲ್ಲಿ ಜಿನುಗುವ ನೀರು, ಅಡಿಕೆ ದಂಬೆಯಲ್ಲೋ ಪೈಪಿನಲ್ಲೋ ತಾನಾಗಿ ಹರಿದು ತೋಟ ಸೇರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಅಡ್ಯನಡ್ಕ ಬಳಿಯ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತ, ಹಲವು ಸಲ ವಿಫಲರಾದ ಮೇಲೂ ಬಿಡದೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ನೀರು ಸಲೀಸಾಗಿ ಹರಿಯುವ ನೆಲದಲ್ಲಿ ಕೊಳೆಯೂ ಸಲೀಸಾಗಿ ಹರಿಯುತ್ತದೆ. ಹಿಂದೆ ಬಚ್ಚಲ ನೀರು ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಶೌಚಗುಂಡಿ ಮನೆಯ ಬಳಿ ಇರಲೇ ಇಲ್ಲ. ಪ್ರತಿ ಮನೆಗೂ ಶೌಚಾಲಯ ಬಂದದ್ದು ಆರೋಗ್ಯದ ದೃಷ್ಟಿಯಿಂದ ದೊಡ್ಡ ಸಾಧನೆ. ಆದರೆ ಮನೆಯ ಬಾವಿಯೂ ಗುಂಡಿಯೂ ಒಂದೇ ಹಿತ್ತಿಲಿನಲ್ಲಿ ಸೇರಿಕೊಂಡವು.

ಸೆಪ್ಟಿಕ್ ಟ್ಯಾಂಕ್ ಎಲ್ಲ ಕೊಳೆಯನ್ನೂ ಶುದ್ಧಮಾಡುತ್ತದೆಂಬ ಭಾವನೆ ಸರಿಯಲ್ಲ. ಅದರಲ್ಲಿ ಗಟ್ಟಿ ಪದಾರ್ಥ ಅಡಿಗೆ ಕೂತು ಕೊಳೆಯುತ್ತದೆ, ಅಷ್ಟೆ. ಹೊರಗೆ ಬರುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅದನ್ನು ಸೋಸುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಸಣ್ಣ ಕಣದ ಮಣ್ಣು ನಿಧಾನವಾಗಿ ನೀರು ಬಿಡುತ್ತ ರೋಗಾಣುಗಳನ್ನು ಹಿಡಿದಿಡುತ್ತದೆ. ಮುರಕಲ್ಲಿನ ತೂತುಗಳು ಹಾಗೆ ಮಾಡುವುದಿಲ್ಲ. ಕೊಳವೆಯಂತೆ ನೇರ ಬಿಟ್ಟುಬಿಡುತ್ತವೆ. ಕೆಳಗಿನ ಶೇಡಿಯೋ ನೀರನ್ನು ಸುಲಭವಾಗಿ ಒಳಕ್ಕೆ ಬಿಡದೆ ಬಾವಿಯ ಕಡೆಗೇ ಅಡ್ಡಕ್ಕೆ ಸಾಗಿಸುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿದಾಗ ಆಳದ ಗುಂಡಿಯೂ ನೀರಿನಲ್ಲೇ ನಿಂತಿರುತ್ತದೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಗುರುತಾದ ಇ-ಕೋಲಿ ಒಂದೂ ಕಾಣಬಾರದು ಎಂಬುದು ಮಾನಕ. ನೋಟಕ್ಕೆ ತಿಳಿಯಾದ ನೀರು ಈ ಪರೀಕ್ಷೆಯಲ್ಲಿ ಸೋಲಬಹುದು.

ಇಂಗುವ ವ್ಯವಸ್ಥೆ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕೆಂದು ಮಾನಕದ ನಿಯಮವಿದೆ. ಇದನ್ನು ಐದು ಸೆಂಟ್ಸ್ ನಿವೇಶನಕ್ಕೆ ಹೊಂದಿಸಿ ನೋಡಬೇಕು. ಐದು ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರ್. ಚೌಕಾಕಾರವಾಗಿದ್ದರೆ ಒಂದು ಬದಿ 14 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಬಾವಿ ಒಂದು ಮೂಲೆಯಲ್ಲಿ, ಗುಂಡಿ ಎದುರಿನ ಮೂಲೆಯಲ್ಲಿ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಆಗ ಆ ಗುಂಡಿ ನೆರೆಯವರ ಬಾವಿಗೆ ಹತ್ತಿರವಾಗುತ್ತದೆ. ಹೀಗೆ ಇದು ಒಬ್ಬರ ಹಿತ್ತಿಲಿನ ಪ್ರಶ್ನೆಯಾಗಿ ಉಳಿಯದೆ ಇಡೀ ಬಡಾವಣೆಯ ಪ್ರಶ್ನೆಯಾಗುತ್ತದೆ. ಸಾಲುಮನೆಗಳವರು ಕೂಡಿ ಮಾತಾಡಿ, ಬಾವಿಗಳೆಲ್ಲ ಮೇಲಿನ ಬದಿಗೆ, ಗುಂಡಿಗಳೆಲ್ಲ ಇಳಿಜಾರಿನ ಬದಿಗೆ ಬರುವಂತೆ ಮಾಡಿಕೊಳ್ಳುವುದೇ ಮೇಲು.

ಜಾಗದ ಗುಣ ತಿಳಿಯಲು ಸುಲಭದ ಪರೀಕ್ಷೆಯೂ ಇದೆ. ಇಂಗುಗುಂಡಿ ಬರುವ ಆಳಕ್ಕೆ ಚಿಕ್ಕ ಕುಳಿ ತೋಡಿ, ಅದರಲ್ಲಿ ಒಂದು ಅಡಿ ನೀರು ತುಂಬಿ ಇರುಳೆಲ್ಲ ಬಿಡಬೇಕು. ಮರುದಿನ ಮತ್ತೆ ನೀರು ಹಾಕಿ, 25 ಮಿಲಿಮೀಟರ್, ಅಂದರೆ ಒಂದು ಅಂಗುಲ, ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಬೇಕು. ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಆ ಮಣ್ಣು ಇಂಗುಗುಂಡಿಗೆ ಆಗಿಬರುವುದಿಲ್ಲ. ಕ್ಷಣದಲ್ಲಿ ಮಾಯವಾದರೆ ಸೋಸುವ ಗುಣವಿಲ್ಲ ಎಂದರ್ಥ. ಅಂಥ ಕಡೆ ಗುಂಡಿಯನ್ನು ಆಳಮಾಡದೆ, ಸುತ್ತಲೂ ಅರ್ಧ ಮೀಟರ್ ದಪ್ಪ ಸಣ್ಣ ಮರಳು ತುಂಬಿಸಿ, ತಳವನ್ನು ಮುಚ್ಚುವುದು ಕ್ಷೇಮ.

ಜರಿಯುವ ಬರೆ

ನೆಲದ ಲೆಕ್ಕ ತಪ್ಪಿದಾಗ ತೆರಬೇಕಾದ ಬೆಲೆ ಬಾವಿಗಷ್ಟೇ ನಿಲ್ಲುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಗ್ಗುಲು ಕುಸಿದು, ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿಯ ಸುತ್ತಮುತ್ತ ಹೊಳೆಗಳು ಮರಳು, ಮರದ ದಿಮ್ಮಿಗಳನ್ನು ತಂದು ಅಡಿಕೆ ತೋಟಗಳ ಮೇಲೆ ಹೇರಿದವು. 2022ರ ಜುಲೈ 6ರಂದು ಬಂಟ್ವಾಳ ತಾಲ್ಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಜರಿದು, ಕೆಳಗಿನ ಬಿಡಾರದಲ್ಲಿದ್ದ ಕೇರಳದ ಮೂವರು ತೋಟದ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಜೋರು ಮಳೆ ಈ ನಾಡಿಗೆ ಹೊಸತಲ್ಲ. ಹೊಸತಾಗಿರುವುದು ಗುಡ್ಡವನ್ನು ನೆಟ್ಟಗೆ ಕಡಿದು, ಬರೆಯ ಬುಡಕ್ಕೆ ತಾಗಿಕೊಂಡು ಮನೆ ಕಟ್ಟುವ ವೇಗ. ಜೆಸಿಬಿ ಯಂತ್ರಕ್ಕೆ ಒಂದೇ ದಿನದಲ್ಲಿ ಮುರಕಲ್ಲನ್ನು ದಾಟಿ ಶೇಡಿಗೆ ತಲುಪುವುದು ಸಾಧ್ಯ. ಮೇಲಿನ ಗಟ್ಟಿ ಹೆಪ್ಪು ಭಾರವಾಗಿ ಕೂತಿದೆ, ಕೆಳಗಿನ ಮೆದು ಮಣ್ಣು ಬತ್ತಲಾಗಿದೆ, ಎರಡರ ಸಂದಿನಲ್ಲಿ ನೀರು ಹರಿಯುತ್ತಿದೆ. ಅಂಥ ಬರೆ ಜರಿಯದಿದ್ದರೇ ಆಶ್ಚರ್ಯ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಮೇಲಿನಿಂದ ಬರುವ ನೀರಿಗೆ ಬೇರೆ ಚರಂಡಿ ಮಾಡುವುದು, ತಡೆಗೋಡೆಯಲ್ಲಿ ನೀರು ಹೊರಹೋಗಲು ತೂತು ಬಿಡುವುದು, ಇಂಗುಗುಂಡಿಯನ್ನು ಬರೆಯ ನೆತ್ತಿಯಲ್ಲಿ ತೋಡದಿರುವುದು ಇವು ದೊಡ್ಡ ಖರ್ಚಿನ ಕೆಲಸಗಳಲ್ಲ.

ಜಾಗ ಕೊಳ್ಳುವಾಗ ರಸ್ತೆ ಎಷ್ಟು ಅಗಲ, ಪೇಟೆ ಎಷ್ಟು ದೂರ ಎಂದು ಕೇಳುವುದು ರೂಢಿ. ಅದರ ಜೊತೆಗೆ ಆ ಜಾಗ ಹಿಂದೆ ಬೆಟ್ಟೋ, ಮಜಲೋ, ಬೈಲೋ ಎಂದು ನೆರೆಯ ಹಿರಿಯರನ್ನು ಕೇಳಬೇಕು. ಪಕ್ಕದ ಬಾವಿಯಲ್ಲಿ ಇಣುಕಿ ಮುರಕಲ್ಲು ಎಲ್ಲಿಗೆ ಮುಗಿಯುತ್ತದೆ, ಶೇಡಿ ಎಲ್ಲಿ ಆರಂಭವಾಗುತ್ತದೆ ಎಂದು ನೋಡಬೇಕು. ಸಾಧ್ಯವಾದರೆ ಒಂದು ಮಳೆಗಾಲ ಕಾದು, ಜುಲೈಯಲ್ಲಿ ಒಮ್ಮೆ ಕೊಡೆ ಹಿಡಿದುಕೊಂಡು ಹೋಗಿ ಆ ಜಾಗದಲ್ಲಿ ನಿಂತು ಬರಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆ ದಿನ ನೆಲವೇ ತೋರಿಸಿಕೊಡುತ್ತದೆ.